ಪಟ್ಟಿ ಕಟ್ಟದೆ ಕೂತ ಗಿಟಾರು

ಬುರ್ಮಾ ಎಜೆಯ ಅಂಗಳಕ್ಕೆ ಕುದುರೆ ಹಿಡಿದುಕೊಂಡು ಹೋದವರು ಮೊದಲು ಬೈಸಿಕೊಳ್ಳಬೇಕು, ಆಮೇಲೆ ಚಹಾ ಕುಡಿಯಬೇಕು, ಜೀನಿನ ಮಾತು ಏನಿದ್ದರೂ ಅದರ ನಂತರ. ಈ ಕ್ರಮ ತಪ್ಪಿದ್ದನ್ನು ನಾನಂತೂ ನೋಡಿಲ್ಲ.

"ಏನಪ್ಪಾ ಇದು, ಕುದುರೆನೋ ಬೇಲಿ ಮೇಲೆ ಒಣಗಾಕಿದ್ ಕಂಬಳಿನೋ? ಹೊಟ್ಟೆಗೆ ಏನಾದ್ರೂ ಹಾಕ್ತೀಯೋ ಇಲ್ಲಾ ಬರೀ ಫೋಟೋ ತೆಗೀತೀಯೋ?"

ಎಷ್ಟೇ ದೊಡ್ಡ ಮೀಸೆಯವನಾದರೂ ಟೋಪಿ ಸರಿಮಾಡಿಕೊಂಡು ನಗುತ್ತಾ ನಿಲ್ಲುತ್ತಾನೆ. ಯಾಕೆಂದರೆ ಮುಂದೆ ನಡೆಯುವುದನ್ನು ನೋಡುವುದಕ್ಕೇ ಅರ್ಧ ಜನ ಬಂದಿರುತ್ತಾರೆ. ಎಜೆ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳುತ್ತಾಳೆ. ಕುದುರೆಯ ಪಕ್ಕ ನಿಂತು ಕಣ್ಣು ಮುಚ್ಚುತ್ತಾಳೆ. ಎರಡೂ ಅಂಗೈಗಳು ಹೆಗಲಿನಿಂದ ಹೊರಟು ಬೆನ್ನಿನುದ್ದಕ್ಕೂ ನಿಧಾನವಾಗಿ ಹೋಗುತ್ತವೆ, ಕತ್ತಲೆ ಕೋಣೆಯಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ. ಅಷ್ಟು ಹೊತ್ತು ಅವಳ ಬಾಯಿ ಮುಚ್ಚಿರುತ್ತದೆ. ಬುರ್ಮಾ ಎಜೆಯ ಬಾಯಿ ಮುಚ್ಚಿರುವುದು ನಮ್ಮ ಅಟ್-ಬಾಶಿ ಊರಿನಲ್ಲಿ ಗ್ರಹಣಕ್ಕಿಂತ ಅಪರೂಪ.

ಒಮ್ಮೆ ಕುದುರೆ ಸಂತೆಯಲ್ಲಿ ಯಾರದೋ ಕುದುರೆಯ ಬೆನ್ನಿನ ಮೇಲೆ ಕಂಬಳಿಯ ಸಮೇತ ಕೈ ಆಡಿಸಿ, "ಇದರ ಮೇಲೆ ಕೂರೋನು ಎಡಗೈಯವನು" ಎಂದುಬಿಟ್ಟಳು. ಜನ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿ ತಿನ್ನುತ್ತಾ ಕುದುರೆಯ ಯಜಮಾನ ಬಂದ. ಅವನ ಚಾವಟಿ ಎಡಗೈಯಲ್ಲಿತ್ತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ನಾನು ಆಗ ಅಪ್ಪನ ಕೋಟಿನ ತುದಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನ್ನ ಮೈಮೇಲಿನ ಕೂದಲು ಎದ್ದು ನಿಂತದ್ದು ಇವತ್ತಿಗೂ ನೆನಪಿದೆ.

ಎಜೆ ಅಂದರೆ ಅಕ್ಕ. ಅವಳು ನಮ್ಮ ಅಪ್ಪನ ಚಿಕ್ಕಪ್ಪನ ಮಗಳು, ಆದರೆ ಅವಳಿಗಿಂತ ಹಿರಿಯರೂ ಅವಳನ್ನು ಎಜೆ ಎಂದೇ ಕರೆಯುತ್ತಾರೆ. ಬೇರೆ ಏನು ಕರೆದರೂ ತಿರುಗಿ ನೋಡುವುದಿಲ್ಲ. ಜೀನಿನ ಮರಗೆಲಸ ನಮ್ಮಲ್ಲಿ ಗಂಡಸರದು. ಹೆಂಗಸರು ಉಣ್ಣೆ ಬಡಿದು ಕಂಬಳಿ ಮಾಡುತ್ತಾರೆ. ಬುರ್ಮಾ ಎಜೆಗೆ ಉಣ್ಣೆಯ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುತ್ತಿರಲಿಲ್ಲವಂತೆ. ಮನೆ ತುಂಬಾ ಸೀನಿ ಸೀನಿ, ಕೊನೆಗೆ ಅವಳ ಅಜ್ಜಿಯೇ ಕುತ್ತಿಗೆ ಹಿಡಿದು, ಅವಳ ಅಪ್ಪ ಜೀನು ಮಾಡುತ್ತಿದ್ದ ಕೊಟ್ಟಿಗೆಗೆ ತಳ್ಳಿದಳು. ಅಲ್ಲಿ ಬಾಚಿ ಇತ್ತು, ಉಳಿ ಇತ್ತು, ಭೂರ್ಜ ಮರದ ಹೊಟ್ಟಿನ ವಾಸನೆ ಇತ್ತು. ಸೀನು ನಿಂತುಹೋಯಿತು. "ನನ್ ಮೂಗೇ ನನ್ ಗುರು" ಎನ್ನುತ್ತಾಳೆ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಜೀನುಗಳನ್ನು ಅವಳೇ ಮಾಡುತ್ತಿದ್ದಳು, ಊರು ಅಪ್ಪನನ್ನು ಹೊಗಳುತ್ತಿತ್ತು. ಒಂದು ದಿನ ಒಬ್ಬ ಕುರುಬ ಬಂದು, "ಈಚೆಗೆ ನಿಮ್ಮ ಜೀನು ಮೊದಲಿಗಿಂತ ಚೆನ್ನಾಗಿದೆ ಹಿರಿಯರೇ" ಎಂದಾಗ ಮುದುಕನಿಗೆ ಸಿಟ್ಟು ಬಂದು, "ಹಾಗಾದ್ರೆ ಅವಳನ್ನೇ ಹೊಗಳು ಹೋಗು!" ಎಂದು ಕೂಗಿಬಿಟ್ಟನಂತೆ. ಗುಟ್ಟು ಹೊರಬಿದ್ದದ್ದು ಹಾಗೆ.

ಅವಳ ಜೀನಿಗೆ ಒಂದೇ ಪರೀಕ್ಷೆ. ಹೊಸ ಜೀನನ್ನು ಕುದುರೆಯ ಮೇಲಿಟ್ಟು, ಹೊಟ್ಟೆಯ ಕೆಳಗಿನ ಪಟ್ಟಿ ಕಟ್ಟುವುದಿಲ್ಲ. ಹಾಗೇ ಬರಿದೇ ಇಟ್ಟು ಅಂಗಳದಲ್ಲಿ ನಡೆಸುತ್ತಾಳೆ, ಗೇಟಿನ ಹತ್ತಿರದ ಕಾಲುವೆ ದಾಟಿಸುತ್ತಾಳೆ, ವಾಪಸು ಕರೆತರುತ್ತಾಳೆ. ಜಾರಿದರೆ ಬಾಚಿ ಮತ್ತೆ ಕೈಗೆ ಬರುತ್ತದೆ. ಜಾರದಿದ್ದರೆ, "ಕೂತಿತು" ಎನ್ನುತ್ತಾಳೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಲ್ಲಿಲ್ಲ.

ಈಗ ನನ್ನ ಅಣ್ಣ ಎಲ್ದಿಯಾರನ ವಿಷಯ. ಎಲ್ದಿಯಾರ್ ಕೋಕ್-ಬೋರು ಆಟಗಾರ; ಆಡಿನ ಹೆಣವೊಂದಕ್ಕಾಗಿ ಕುದುರೆಗಳ ಮೇಲೆ ಕಿತ್ತಾಡುತ್ತಾರಲ್ಲ, ಆ ಆಟ. ನಮ್ಮ ಊರಿನ ತಂಡದಲ್ಲಿ ಅವನಷ್ಟು ಬಗ್ಗಿ ನೆಲದಿಂದ ಎತ್ತುವವನು ಇನ್ನೊಬ್ಬನಿರಲಿಲ್ಲ. ಅವನ ಕುದುರೆ ಕಾಶ್ಕಾ, ಹಣೆಯಲ್ಲಿ ಬಿಳಿ ಮಚ್ಚೆಯದು. ಹೋದ ವರ್ಷದ ಚಳಿಗಾಲದಲ್ಲಿ ಆಟದ ನಡುವೆ ಕಾಶ್ಕಾ ಮಂಜುಗಡ್ಡೆಯ ಮೇಲೆ ಜಾರಿತು, ಅಣ್ಣನ ಮೇಲೆಯೇ ಉರುಳಿತು. ಕುದುರೆಗೆ ಏನೂ ಆಗಲಿಲ್ಲ. ಅಣ್ಣನ ಸೊಂಟ ಮುರಿಯಿತು, ಎಡಗಡೆಯ ಪಕ್ಕೆಲುಬುಗಳು ಮುರಿದವು. ಮೂಳೆಗಳೇನೋ ಕೂಡಿಕೊಂಡವು. ಆದರೆ ಮೈ ಎಡಕ್ಕೆ ವಾಲಿತು, ಕೈಗೆ ಕೋಲು ಬಂತು, ಇನ್ನು ಕುದುರೆ ಹತ್ತಬಾರದು ಎಂದರು ಡಾಕ್ಟರು.

ಉಳಿದದ್ದು ಗಿಟಾರು. ನಮ್ಮದು ಮೂರು ಜನರ ಬ್ಯಾಂಡು: ಅಣ್ಣ ಎಲೆಕ್ಟ್ರಿಕ್ ಗಿಟಾರು, ಅವನ ತಂಗಿ ನಾನು ಡ್ರಮ್ಸು, ಬೇಸ್ ಗಿಟಾರಿಗೆ ಟಿ.ವಿ. ರಿಪೇರಿ ಮಾಡುವ ತೋಲ್ಕುನ್. ಈ ವಸಂತದ ನೂರೂಜ್ ಹಬ್ಬಕ್ಕೆ ಆಟದ ಮೈದಾನದಲ್ಲಿ, ಪಂದ್ಯಕ್ಕೆ ಮೊದಲು ನಮ್ಮನ್ನು ನುಡಿಸಲು ಕರೆದರು. ನಾನು ಕುಣಿದಾಡಿದೆ. ಅಣ್ಣ ಆಗುವುದಿಲ್ಲ ಎಂದ.

"ಆ ಮೈದಾನದ ಜನ ನನ್ನನ್ನ ಕೊನೇ ಸಲ ನೋಡಿದ್ದು ಹಲಗೆ ಮೇಲೆ ಹೊತ್ಕೊಂಡು ಹೋಗೋವಾಗ. ಈಗ ಕುರ್ಚಿ ಮೇಲೆ ಕೂತಿರೋದನ್ನ ನೋಡ್ಬೇಕಾ? ಹೋದ್ರೆ ಎರಡು ಕಾಲ ಮೇಲೆ ನಿಂತ್ಕೊಂಡು ನುಡಿಸ್ತೀನಿ. ಇಲ್ಲಾಂದ್ರೆ ಇಲ್ಲ."

ನಿಲ್ಲುವುದೇ ಕಷ್ಟವಾಗಿತ್ತು. ಕೋಲು ಹಿಡಿದರೆ ಗಿಟಾರಿಗೆ ಕೈಯಿಲ್ಲ, ಗಿಟಾರು ಹಿಡಿದರೆ ಕೋಲಿಗೆ ಕೈಯಿಲ್ಲ. ಬಜಾರಿನಲ್ಲಿ ಕೊಂಡ ಅವನ ಗಿಟಾರಿನ ಅಂಚು ಸರಿಯಾಗಿ ಮುರಿದ ಪಕ್ಕೆಲುಬಿಗೇ ಒತ್ತುತ್ತಿತ್ತು, ಅದರ ಭಾರವೆಲ್ಲ ಅವನನ್ನು ವಾಲಿದ ಕಡೆಗೇ ಎಳೆಯುತ್ತಿತ್ತು. ಮನೆಯಲ್ಲಿ ಒಂದು ಹಾಡು ನಿಂತು ನುಡಿಸಿದ. ಮುಗಿಯುವಷ್ಟರಲ್ಲಿ ಮುಖ ಸುಣ್ಣದ ಗೋಡೆಯಾಗಿತ್ತು.

ಮಾರನೆಯ ದಿನ ಅಣ್ಣ ತನ್ನ ಜೀನನ್ನು ಹೆಗಲ ಮೇಲೆ ಹಾಕಿಕೊಂಡು ಬುರ್ಮಾ ಎಜೆಯ ಮನೆಗೆ ಹೊರಟ. ನಾನೂ ತೋಲ್ಕುನನೂ ಹಿಂದೆ ಹೋದೆವು. ಎಜೆ ಅಂಗಳದಲ್ಲಿ ಕೂತು ಬಾಚಿ ಮಸೆಯುತ್ತಿದ್ದಳು.

"ಎಜೆ, ಈ ಜೀನನ್ನ ಕೊಯ್ದುಬಿಡಿ. ಇದರ ಮರದಲ್ಲಿ ನನ್ ಗಿಟಾರಿಗೆ ಒಂದು ಮೈ ಮಾಡ್ಕೊಡಿ. ನನಗೆ ಇನ್ನು ಇದರ ಕೆಲಸ ಇಲ್ಲ."

"ನಿಂಗೆ ಕೆಲ್ಸ ಇಲ್ದೇ ಇರ್ಬೋದು. ಕಾಶ್ಕಾಗೆ ಇದೆ. ಅದು ಕುದುರೆ ಬೆನ್ನಿಗೆ ಅಂತ ಮಾಡಿದ್ದು ಕಣೋ, ನಿನ್ ಕುಂಡಿಗೆ ಅಂತ ಅಲ್ಲ. ಮೊಳೆಗೆ ನೇತಾಕು, ಬಾ ಇಲ್ಲಿ." ಅವಳು ಬಾಚಿ ಕೆಳಗಿಟ್ಟಳು. "ಗಿಟಾರು ಅಂದ್ಯಲ್ಲ, ಅದು ಎಲ್ಲಿ ಕೂರುತ್ತೆ?"

"ಇಲ್ಲಿ ಎಜೆ. ಎದೆಗೆ, ಪಕ್ಕೆಗೆ, ಸೊಂಟಕ್ಕೆ."

ಎಜೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹಾಗಾದ್ರೆ ಈ ಸಲ ಕುದುರೆ ನೀನು."

ತೋಲ್ಕುನ್ ಗಂಟಲು ಸರಿಮಾಡಿಕೊಂಡು ವಿವರಿಸಲು ನಿಂತ. ಈ ಗಿಟಾರಿಗೆ ನಮ್ಮ ತಂತಿವಾದ್ಯ ಕೊಮುಜ್‌ನ ಹಾಗೆ ಒಳಗೆ ಟೊಳ್ಳು ಬೇಡ, ಗಟ್ಟಿ ಮರದ ಚಪ್ಪಟೆ ಹಲಗೆ ಸಾಕು, ತಂತಿಯ ಕೆಳಗೆ ಅಯಸ್ಕಾಂತ ಇರುತ್ತದೆ, ಹಳೆ ಗಿಟಾರಿನ ಕತ್ತು, ತಂತಿ, ವೈರು ಎಲ್ಲ ತಾನು ಬಿಚ್ಚಿ ಇದಕ್ಕೆ ಹಾಕುತ್ತೇನೆ, ಎಂದೆಲ್ಲ ಹೇಳಿದ.

"ಹೊಟ್ಟೆ ಇಲ್ಲ, ಬರೀ ಕೂಗಾಟ. ನಿನ್ ಥರಾನೇ ಅನ್ನು" ಎಂದಳು ಎಜೆ. ತೋಲ್ಕುನ್ ಕಡ್ಡಿಯ ಹಾಗಿದ್ದಾನೆ.

ನಮ್ಮ ಕಡೆ ಬೆಳೆಯುವುದು ಭೂರ್ಜ, ಪಾಪ್ಲರ್, ಅಷ್ಟೇ. ಗಟ್ಟಿ ಮರವೆಲ್ಲ ಘಾಟಿಯ ಆಚೆ ದಕ್ಷಿಣದಿಂದ ಬರಬೇಕು. ಎಜೆಯ ಗಂಡ ಸಾತಾರ್ ಬಾಯ್ಕೆ ಲಾರಿ ಓಡಿಸುತ್ತಾರೆ. ದಕ್ಷಿಣದ ಓಶ್‌ಗೆ ಹೋದಾಗಲೆಲ್ಲ ಎಜೆ ಹೇಳಿದ ಸಾಮಾನು ಮರೆತು, ಹೇಳದ ಮರ ತರುವುದು ಅವರ ಅಭ್ಯಾಸ. ಆ ಮರವೆಲ್ಲ ಕೊಟ್ಟಿಗೆಯ ಅಟ್ಟದಲ್ಲಿತ್ತು. ಯಾವ ಹಲಗೆಯೂ ಬೆರಳಿಗಿಂತ ದಪ್ಪ ಇರಲಿಲ್ಲ. ಕಪ್ಪುಗಂದು ಅಕ್ರೋಟು, ಒಂದು ಹಳೆಯ ಬಾಗಿಲಿನಿಂದ ಬಿಚ್ಚಿದ ಹಳದಿ ಹಿಪ್ಪುನೇರಳೆ, ಕೊಮುಜ್ ಮಾಡುವವರು ಬಿಸಾಕಿದ ಕೆಂಪು ಜರ್ದಾಳು. ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡದೆ ಬೇರೆ ದಾರಿಯಿರಲಿಲ್ಲ.

ಎಜೆ ಒಂದೊಂದೇ ಹಲಗೆಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿದಳು, ಗೆಣ್ಣಿನಿಂದ ತಟ್ಟಿ ಕಿವಿಗಿಟ್ಟುಕೊಂಡಳು. ಮೇಲೂ ಕೆಳಗೂ ಅಕ್ರೋಟು. ಅದರ ಒಳಗೆ ಎರಡೂ ಕಡೆ ಹಿಪ್ಪುನೇರಳೆ. ನಟ್ಟನಡುವಿನ ಪದರಕ್ಕೆ ಎರಡು ತುಂಡು ಜೋಡಿಸಿದಳು: ಎಡಕ್ಕೆ ಹಗುರವಾದ ಬಿಳಿ ಭೂರ್ಜ, ಬಲಕ್ಕೆ ಭಾರದ ಜರ್ದಾಳು.

"ಯಾಕೆ ಎಜೆ ಹಾಗೆ?" ಎಂದೆ.

"ನಿಮ್ಮಣ್ಣ ಎಡಕ್ಕೆ ವಾಲ್ತಾನೆ. ವಾಲೋ ಕುದುರೆಗೆ ಭಾರಾನ ಆ ಕಡೆ ಇಡ್ತಾರೇನೇ ಯಾರಾದ್ರೂ?"

ಅಂಟು ಹಾಕಿದ ದಿನ ಕೊಟ್ಟಿಗೆಯೊಳಗೆ ನಿಲ್ಲಲಾಗದಷ್ಟು ವಾಸನೆ. ಗೊರಸು, ತೊಗಲು ಕುದಿಸಿ ಎಜೆಯೇ ಮಾಡುವ ಮರವಜ್ರ ಅದು. ತಣ್ಣಗಾದರೆ ಹಿಡಿಯುವುದಿಲ್ಲ. ಹಲಗೆಗಳನ್ನು ಒಲೆಯ ಪಕ್ಕ ಬೆಚ್ಚಗೆ ಮಾಡಿ, ಬಳಿ, ಇಡು, ಬಳಿ, ಇಡು, ಎಂದು ಅವಳು ಕೂಗುತ್ತಿದ್ದಳು, ನಾವು ಓಡುತ್ತಿದ್ದೆವು.

"ಒತ್ತಿಡೋಕೆ ಕಬ್ಬಿಣದ ಕ್ಲಾಂಪು ಬೇಕಾಗುತ್ತೆ ಎಜೆ, ನಾನು ವರ್ಕ್‌ಶಾಪಿಂದ ತರ್ಲಾ?" ಎಂದ ತೋಲ್ಕುನ್.

"ನನ್ ಹತ್ರ ಕುದುರೆ ಇದೆ" ಎಂದಳು.

ಕುದುರೆ ಅಂದರೆ ಕುದುರೆಯ ತೊಗಲು. ಕೂದಲು ಹೆರೆದು ನೀರಿನಲ್ಲಿ ನೆನೆಸಿಟ್ಟ ಹಸಿ ತೊಗಲು, ಒದ್ದೆ ಕಂಬಳಿಯ ಹಾಗೆ ಜೋತಾಡುತ್ತಿತ್ತು. ಜೀನಿಗೂ ಅವಳು ಮಾಡುವುದು ಇದನ್ನೇ. ಮರದ ತುಂಡುಗಳನ್ನು ಕೂಡಿಸಿ ಹಸಿ ತೊಗಲು ಹೊದಿಸಿ ಹೊಲಿದರೆ, ತೊಗಲು ಒಣಗುತ್ತಾ ಕುಗ್ಗುತ್ತದೆ, ಒಳಗಿನ ಮರವನ್ನು ಹಿಂಡಿ ಒಂದು ಮಾಡುತ್ತದೆ. ಯಾವ ಕಬ್ಬಿಣವೂ ಹಾಗೆ ಹಿಡಿಯುವುದಿಲ್ಲ. ನೀರು ಅಂಟಿಗೆ ತಾಗದಿರಲೆಂದು ಕುರಿಯ ಬಾಲದ ಕೊಬ್ಬು ಸವರಿದ ಬಟ್ಟೆ ಸುತ್ತಿ, ಅದರ ಮೇಲೆ ತೊಗಲು ಎಳೆದು, ಮಗುಚಿ ಹಾಕಿ, ಅಡಿಯಲ್ಲಿ ತೊಗಲಿನ ದಾರದಿಂದ ಬಿಗಿದು ಹೊಲಿದಳು. ಅವಳ ಕೈ ಹೋಗುತ್ತಿದ್ದ ವೇಗಕ್ಕೆ ನನ್ನ ಡ್ರಮ್ ಕಡ್ಡಿಗಳು ನಾಚಬೇಕು.

ತೊಗಲು ಒಣಗುತ್ತಿದ್ದ ದಿನಗಳಲ್ಲಿ ಅದರ ಸದ್ದು ಕೇಳಬೇಕಿತ್ತು. ಕೊಟ್ಟಿಗೆಯಲ್ಲಿ ಯಾರೂ ಇರುತ್ತಿರಲಿಲ್ಲ, ಆದರೂ ಒಳಗಿನಿಂದ ಕಿರ್ ಎಂದು ಒಂದು ನರಳಾಟ, ಸ್ವಲ್ಪ ಹೊತ್ತು ಬಿಟ್ಟು ಟಕ್. ಬೆಕ್ಕು ಆ ಕಡೆ ಹೋಗುವುದನ್ನೇ ಬಿಟ್ಟಿತು. ಹಾಲು ಕೊಡಲು ಬಂದ ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು, "ಒಳಗೆ ಯಾರನ್ನ ಕಟ್ಟಾಕಿದೀರಿ ಎಜೆ?" ಎಂದಳು. ನಾನು ತೊಗಲಿನ ಮೇಲೆ ಕಿವಿಯಿಟ್ಟು ಕೇಳಿದೆ. ದಕ್ಷಿಣದ ಮೂರು ಮರ, ನಮ್ಮದೊಂದು ಮರ, ಒಂದು ಕುದುರೆ, ಎಲ್ಲ ಸೇರಿ ಒಳಗೆ ಏನನ್ನೋ ತೀರ್ಮಾನ ಮಾಡುತ್ತಿದ್ದವು. ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ತೊಗಲು ಕಲ್ಲಿನ ಹಾಗಾದ ಮೇಲೆ ಎಜೆ ಅದನ್ನು ಚಾಕುವಿನಿಂದ ಸೀಳಿದಳು. ಬಟ್ಟೆ ಬಿಡಿಸಿದಳು. ಒಂದು ಬದಿಯನ್ನು ನೋಡಿದಳು. ಮಗುಚಿ ಇನ್ನೊಂದು ಬದಿಯನ್ನು ನೋಡಿದಳು.

ಪದರಗಳೇನೋ ಒಂದಾಗಿದ್ದವು, ಕೂದಲು ತೂರುವಷ್ಟೂ ಸಂದಿರಲಿಲ್ಲ. ಆದರೆ ಇಡೀ ಹಲಗೆ ಬಾಗಿತ್ತು. ಮೇಲುಗಡೆ ಉಬ್ಬು, ಕೆಳಗಡೆ ಹಳ್ಳ, ಕವುಚಿ ಹಾಕಿದ ಪರಾತದ ಹಾಗೆ.

ತೋಲ್ಕುನ್ ಅದನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದ. "ಕೆಳಗೆ ಇಲಿ ಸಂಸಾರ ಮಾಡ್ಬೋದು."

ಏನಾಗಿತ್ತೆಂದು ಎಜೆಗೆ ಒಂದೇ ನೋಟದಲ್ಲಿ ಗೊತ್ತಾಗಿತ್ತು. ಜೀನಿನ ಹೊಲಿಗೆ ಯಾವಾಗಲೂ ಅಡಿಯಲ್ಲಿ ಹಾಕುತ್ತಾರೆ. ತೊಗಲು ಕುಗ್ಗುವಾಗ ಅಡಿಯಿಂದ ಎಳೆದು, ಜೀನಿನ ಎರಡೂ ರೆಕ್ಕೆಗಳನ್ನು ಕುದುರೆಯ ಬೆನ್ನಿಗೆ ತಬ್ಬಿಕೊಳ್ಳುವ ಹಾಗೆ ಬಗ್ಗಿಸಬೇಕು. ಜೀನಿಗೆ ಆ ಬಾಗೇ ಬೇಕಾದದ್ದು. ಚಪ್ಪಟೆ ಹಲಗೆಗೆ ಎರಡೂ ಕಡೆ ಹೊಲಿಯಬೇಕಿತ್ತು. ತಲೆ ಗಿಟಾರು ಎಂದುಕೊಂಡಿತ್ತು, ಕೈ ಜೀನು ಹೊಲಿದಿತ್ತು.

"ಇಷ್ಟು ವರ್ಷ ನಾನು ಹೇಳಿದ್ದನ್ನ ಒಂದು ದಿನಾನಾದ್ರೂ ಕೇಳಿದೀರಾ ನೀವು?" ಎಂದು ತನ್ನ ಕೈಗಳನ್ನೇ ಬೈದಳು. ಆ ಬೈಗುಳದಲ್ಲಿ ಜೋರಿರಲಿಲ್ಲ.

ಅಟ್ಟದಲ್ಲಿ ಅಕ್ರೋಟು ಮುಗಿದಿತ್ತು. ಘಾಟಿಯಲ್ಲಿ ಹಿಮ ಬಿದ್ದು ಸಾತಾರ್ ಬಾಯ್ಕೆಯ ಲಾರಿ ಆಚೆಯೇ ನಿಂತಿತ್ತು. ಹಬ್ಬ ಹತ್ತಿರ ಬಂದಿತ್ತು. ಅಣ್ಣ ಆ ಬಾಗಿದ ಹಲಗೆಯನ್ನು ಒಮ್ಮೆ ಸವರಿ, ಕೋಲು ತೆಗೆದುಕೊಂಡ.

"ಬಿಡಿ ಎಜೆ. ತೋಲ್ಕುನ್, ನೀನು ನುಡಿಸೋಕೆ ಬೇರೆ ಯಾರನ್ನಾದ್ರೂ ಕರಿ. ನಾನು ಮನೇಲಿರ್ತೀನಿ."

ಅವನು ಬಾಗಿಲ ಹೊಸ್ತಿಲು ದಾಟುವಷ್ಟರಲ್ಲಿ ಎಜೆಯ ಗಂಟಲು ವಾಪಸು ಬಂತು. "ನಿಲ್ಲೋ! ಯಾವ ಕುದುರೆ ನಾನು ಕೈಯಿಡೋಕೆ ಮುಂಚೆ ಓಡೋಗಿದೆ ಇಲ್ಲಿಂದ? ಕೋಟು ಬಿಚ್ಚು. ಅಂಗೀನೂ ಬಿಚ್ಚು."

"ಎಜೆ, ಚಳಿ..."

"ಕುದುರೆಗಳು ಚಳಿ ಅಂತಾವಾ? ಬಿಚ್ಚು."

ಅಣ್ಣ ಬನಿಯನ್ನಿನಲ್ಲಿ ಕೊಟ್ಟಿಗೆಯ ನಡುವೆ ನಿಂತ. ಎಜೆ ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಂಡಳು. ಕಣ್ಣು ಮುಚ್ಚಿದಳು. ಅಂಗೈಗಳು ಅವನ ಹೆಗಲಿನಿಂದ ಹೊರಟು ಪಕ್ಕೆಯ ಮೇಲೆ ಇಳಿದವು. ಮುರಿದು ಕೂಡಿದ ಒಂದೊಂದು ಎಲುಬಿನ ಮೇಲೂ ನಿಂತು ನಿಂತು ಹೋದವು. ಕುದುರೆಗಳು ಆ ಕೈ ಕೆಳಗೆ ಯಾಕೆ ಕಿವಿ ಇಳಿಬಿಟ್ಟು ನಿಲ್ಲುತ್ತವೆಂದು ಆಗ ಗೊತ್ತಾಯಿತು. ಒಂದು ವರ್ಷದಿಂದ ಯಾರನ್ನೂ ಮುಟ್ಟಗೊಡದ ನನ್ನ ಅಣ್ಣನ ಉಸಿರು ನಿಧಾನವಾಯಿತು.

"ಇಲ್ಲಿ ನೋವಿದೆ" ಎಂದಳು ಎಜೆ, ಕಣ್ಣು ಮುಚ್ಚಿಕೊಂಡೇ. "ಇಲ್ಲಿ ಇಲ್ಲ. ಕಾಲಲ್ಲೂ ಬಲ ಇದೆ. ಅದರ ಮೇಲೆ ಭಾರ ಹಾಕೋಕೆ ನಿಂಗೆ ಹೆದರಿಕೆ. ಮಂಜಲ್ಲಿ ಒಂದ್ಸಲ ಬಿದ್ದ ಕುದುರೇನೂ ಹೀಗೇ ನಿಲ್ಲುತ್ತೆ."

"ನೀವೇನು ಡಾಕ್ಟರಾ?"

"ನಾನು ಜೀನಿನವಳು. ಆ ಹಲಗೆ ಕೊಡೇ ಇಲ್ಲಿ."

ನಾನು ಕೊಟ್ಟೆ. ಅವಳು ಹಳ್ಳದ ಬದಿಯನ್ನು ಅಣ್ಣನ ಪಕ್ಕೆಗೆ ಒತ್ತಿ ಹಿಡಿದಳು. ಸ್ವಲ್ಪ ಮೇಲೆ, ಸ್ವಲ್ಪ ಓರೆ. ಆಮೇಲೆ ಕೈ ತೆಗೆದಳು. ಅಣ್ಣ ಮೊಣಕೈಯಿಂದ ಒತ್ತಿಕೊಂಡದ್ದಷ್ಟೇ; ಹಲಗೆ ಅಲ್ಲೇ ನಿಂತಿತು.

ಅಲ್ಲಿಂದ ಮುಂದಿನ ಕೆಲಸ ನೋಡಲು ತೋಲ್ಕುನ್ ಅಂಗಡಿಯನ್ನೇ ಮುಚ್ಚಿದ. ಎಜೆ ಒಲೆಯ ಮಸಿಯನ್ನು ಕೊಬ್ಬಿನಲ್ಲಿ ಕಲಸಿ ಅಣ್ಣನ ಬನಿಯನ್ನಿಗೆ ಬಳಿದಳು. ಹಲಗೆ ತಂದು ಒತ್ತುವುದು, ತೆಗೆದು ನೋಡುವುದು. ಎಲ್ಲಿ ಮಸಿ ಅಂಟಿದೆಯೋ ಅಲ್ಲಿ ಮರ ಹೆಚ್ಚಿದೆ, ಅಲ್ಲಷ್ಟೇ ಬಾಗಿದ ಬಾಚಿಯಿಂದ ಹೆರೆಯುವುದು. ಮತ್ತೆ ಒತ್ತುವುದು. ಅಣ್ಣ ಗಣಿಯಿಂದ ಬಂದವನ ಹಾಗಾದ. "ಹಬ್ಬಕ್ಕೆ ಹೀಗೇ ಬಂದ್ಬಿಡು, ಬೇರೆ ಬಟ್ಟೆ ಬೇಡ" ಎಂದ ತೋಲ್ಕುನ್. ಕೊನೆಗೆ ಒತ್ತಿ ತೆಗೆದಾಗ ಹಳ್ಳದ ತುಂಬ ಮಸಿ ಒಂದೇ ಸಮನಾಗಿ ಹರಡಿತ್ತು. ಅಣ್ಣನ ಮುರಿದ ಪಕ್ಕೆಯ ಅಚ್ಚು ಆ ಮರದಲ್ಲಿ ಇಳಿದುಬಿಟ್ಟಿತ್ತು.

ಉಳಿದದ್ದು ಮುಂದಿನ ಉಬ್ಬು. ತಂತಿ ಕೂರಬೇಕಾದರೆ ಅದು ಚಪ್ಪಟೆಯಾಗಬೇಕು. ಎಜೆ ಉಜ್ಜುಗೊರಡು ತೆಗೆದುಕೊಂಡು ಉಬ್ಬಿನ ನೆತ್ತಿಯಿಂದ ಶುರುಮಾಡಿದಳು. ಅಕ್ರೋಟಿನ ಕಪ್ಪು ಹೊಟ್ಟು ಸುರುಳಿಯಾಗಿ ಬಿತ್ತು. ಇನ್ನೊಂದು ಸಲ, ಮತ್ತೊಂದು ಸಲ. ಇದ್ದಕ್ಕಿದ್ದ ಹಾಗೆ ಆ ಕಪ್ಪಿನ ನಡುವೆ ಒಂದು ಹಳದಿ ಚುಕ್ಕೆ ಕಾಣಿಸಿತು.

"ಎಜೆ, ಅದೇನು?"

"ಹಿಪ್ಪುನೇರಳೆ" ಎಂದಳು, ಆದರೆ ಅವಳ ಕೈ ನಿಧಾನವಾಯಿತು.

ಉಜ್ಜಿದಷ್ಟೂ ಚುಕ್ಕೆ ಹಿಗ್ಗಿತು. ನಾಣ್ಯದಷ್ಟಾಯಿತು, ರೊಟ್ಟಿಯಷ್ಟಾಯಿತು. ಪದರಗಳೂ ಉಬ್ಬಿನ ಜೊತೆಗೆ ಬಾಗಿದ್ದವಲ್ಲ, ನೆತ್ತಿ ಸವೆದ ಹಾಗೆ ಒಳಗಿನ ಮರ ಉಂಗುರ ಉಂಗುರವಾಗಿ ಮೇಲೆ ಬರುತ್ತಿತ್ತು. ಹಳದಿಯ ನಡುವೆ ಈಗ ಇನ್ನೊಂದು ಚುಕ್ಕೆ ಎದ್ದಿತು. ಅದು ಎರಡು ಬಣ್ಣದ್ದು. ಎಡಕ್ಕೆ ಭೂರ್ಜದ ಬಿಳಿ, ಬಲಕ್ಕೆ ಜರ್ದಾಳಿನ ಕೆಂಪು, ನಡುವೆ ಕೂದಲೆಳೆಯಷ್ಟು ನೇರ ಗೆರೆ. ಅದೂ ಹಿಗ್ಗಿತು. ಕೊನೆಗೆ ಎಜೆ ಉಜ್ಜುಗೊರಡು ಕೆಳಗಿಟ್ಟು, ಬೆಚ್ಚಗಿನ ಅಕ್ರೋಟು ಎಣ್ಣೆಯನ್ನು ಬಟ್ಟೆಗೆ ಹಾಕಿ ಒಂದು ಸಲ ಎಳೆದಳು.

ಹೇಗೆ ಹೇಳಲಿ? ಬೆಳಗಿನ ಜಾವ ಬೇಸಿಗೆಯ ಹುಲ್ಲುಗಾವಲಿನಲ್ಲಿ ಗುಡಾರದಿಂದ ಹೊರಗೆ ಬಂದಾಗ, ಒಂದು ಕಡೆ ಚಂದ್ರ ಇನ್ನೂ ಮುಳುಗಿರುವುದಿಲ್ಲ, ಇನ್ನೊಂದು ಕಡೆ ಬೆಟ್ಟದ ಅಂಚು ಕೆಂಪಾಗುತ್ತಿರುತ್ತದೆ, ಸುತ್ತ ಕಪ್ಪು ಬೆಟ್ಟಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಅದೇ. ಅದಷ್ಟೂ ಆ ಮರದಲ್ಲಿತ್ತು. ಯಾರೂ ಬರೆದದ್ದಲ್ಲ, ಯಾರೂ ಅಳೆದದ್ದಲ್ಲ. ಒಂದು ತಪ್ಪು ಹೊಲಿಗೆ, ಒಣಗಿದ ಒಂದು ತೊಗಲು.

ತೋಲ್ಕುನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ತೆಗೆದದ್ದು ಅವನಿಗೇ ಗೊತ್ತಿರಲಿಲ್ಲ. ಅಣ್ಣ ಬೆರಳ ತುದಿಯಿಂದ ಆ ಬಿಳಿ-ಕೆಂಪು ಗೆರೆಯನ್ನು ಮುಟ್ಟಿ, ಸುಟ್ಟವನ ಹಾಗೆ ಕೈ ಹಿಂದೆಳೆದುಕೊಂಡ. ಎಜೆ ಮರದ ದಿಮ್ಮಿಯ ಮೇಲೆ ಕೂತುಬಿಟ್ಟಳು.

"ಇದನ್ನ ನಾನು ಮಾಡಿದ್ದಲ್ಲ" ಎಂದಳು ಮೆತ್ತಗೆ. "ಯಾರಿಗೂ ನಾನು ಮಾಡಿದೆ ಅಂತ ಹೇಳ್ಬೇಡಿ." ಎಣ್ಣೆ ಬಟ್ಟೆ ಮಡಚುತ್ತಾ, "ಇಲ್ಲ, ಹೇಳಿ. ನಾನೇ ಮಾಡಿದ್ದು ಅಂತ್ಲೇ ಹೇಳಿ. ಇನ್ಯಾರ್ ಹೆಸ್ರು ಹೇಳ್ತೀರಾ, ಈ ತೋಲ್ಕುನ್ ಹೆಸ್ರಾ?"

ತೋಲ್ಕುನ್ ಹಳೆಯ ಗಿಟಾರಿನ ಕತ್ತು, ಅಯಸ್ಕಾಂತ, ಗುಂಡಿಗಳನ್ನೆಲ್ಲ ಬಿಚ್ಚಿ ಇದಕ್ಕೆ ಕೂರಿಸಿದ. ಕತ್ತಿನ ಗೂಡನ್ನು ಎಜೆ ಉಳಿಯಿಂದ ಕೆತ್ತುವಾಗ ಒಂದು ಚೂರು ಹೆಚ್ಚಿಗೆ ಹೋಯಿತು, ಆ ಸಂದಿಗೆ ತೊಗಲಿನ ತುಣುಕು ತುರುಕಿದಳು. ಅದು ಈಗಲೂ ಕಾಣುತ್ತದೆ. ಹೆಗಲಿಗೆ ಹಾಕುವ ಪಟ್ಟಿಯನ್ನು ಅಣ್ಣ ಸಿಕ್ಕಿಸಲು ಹೋದಾಗ ಎಜೆ ಅವನ ಕೈಗೊಂದು ಏಟು ಕೊಟ್ಟಳು.

"ಪಟ್ಟಿ ಆಮೇಲೆ. ಮೊದ್ಲು ನಡಿ."

"ಏನು?"

"ನನ್ ಅಂಗಳದಿಂದ ಪರೀಕ್ಷೆ ಆಗ್ದೇ ಇರೋ ಜೀನು ಹೊರಗೆ ಹೋಗಿಲ್ಲ. ಪಟ್ಟಿ ಇಲ್ದೆ ನಡಿ. ಗೇಟಿನವರೆಗೆ ಹೋಗಿ, ಕಾಲುವೆ ದಾಟಿ, ವಾಪಸ್ ಬಾ."

ಅಣ್ಣ ಅಂಗಳ ನೋಡಿದ. ಅಲ್ಲಲ್ಲಿ ಮಂಜುಗಡ್ಡೆ ಹೊಳೆಯುತ್ತಿತ್ತು. "ಇದು ಬಿದ್ರೆ?"

"ಬಿದ್ರೆ ಸರಿಯಾಗಿ ಕೂತಿಲ್ಲ ಅಂತ. ಮತ್ತೆ ಕೆತ್ತೋಣ."

ಅಣ್ಣ ಗಿಟಾರನ್ನು ಪಕ್ಕೆಗೆ ಇಟ್ಟುಕೊಂಡ. ಬಲಗೈಯ ಮೊಣಕೈ ಅದರ ಮೇಲೆ, ಎಡಗೈ ಕತ್ತಿನ ಮೇಲೆ. ಆಗಲೇ ನಾನು ಗಮನಿಸಿದ್ದು. ಎರಡೂ ಕೈ ಗಿಟಾರಿಗೇ ಹೋಗಿತ್ತು. ಕೋಲು ಗೋಡೆಗೆ ಒರಗಿತ್ತು. ನಾನು ಅದನ್ನು ತರಲು ಒಂದು ಹೆಜ್ಜೆ ಇಟ್ಟೆ. ಎಜೆ ನನ್ನ ತೋಳು ಹಿಡಿದುಕೊಂಡಳು. ಹಿಡಿತ ಒಣಗಿದ ತೊಗಲಿನ ಹಾಗಿತ್ತು.

ಅಣ್ಣ ನಡೆದ. ಅವನ ಕಣ್ಣು ಗಿಟಾರಿನ ಮೇಲಿತ್ತು, ಕಾಲಿನ ಮೇಲಿರಲಿಲ್ಲ. ಅದನ್ನು ಬೀಳಿಸಬಾರದೆಂಬ ಒಂದೇ ಯೋಚನೆ ಅವನ ಮುಖದಲ್ಲಿತ್ತು. ಮೊದಲ ಹೆಜ್ಜೆಗಳು ಗಾಜಿನ ಮೇಲೆ ಇಟ್ಟ ಹಾಗಿದ್ದವು. ಬಲಗಡೆಯ ಜರ್ದಾಳಿನ ಭಾರ ಅವನನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗೆ ಎಳೆಯುತ್ತಿತ್ತು. ಗೇಟಿನ ಹತ್ತಿರ ಕಾಲುವೆ. ಅಲ್ಲಿ ನಿಂತ. ಅದನ್ನು ದಾಟಬೇಕಾದರೆ ಇಡೀ ಮೈಯ ಭಾರವನ್ನು ಮುರಿದ ಸೊಂಟದ ಮೇಲೆ ಒಂದು ಕ್ಷಣ ಹೊರಬೇಕು. ನಿಂತೇ ಇದ್ದ. ಎಜೆಯ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು.

ಅಣ್ಣ ಕಾಲೆತ್ತಿದ. ದಾಟಿದ. ಆಚೆ ನಿಂತು ತಿರುಗಿದ, ಮತ್ತೆ ದಾಟಿದ, ಅದೇ ಹೆಜ್ಜೆಯಲ್ಲಿ ನಮ್ಮ ಮುಂದೆ ಬಂದು ನಿಂತ. ಆಮೇಲೆ ಅವನ ಕಣ್ಣು ಗೋಡೆಗೆ ಒರಗಿದ್ದ ಕೋಲಿನ ಮೇಲೆ ಬಿತ್ತು. ಅದನ್ನು ನೋಡಿದ, ಕಾಲುವೆಯನ್ನು ನೋಡಿದ, ಎಜೆಯನ್ನು ನೋಡಿದ.

"ಕೂತಿತು" ಎಂದಳು ಬುರ್ಮಾ ಎಜೆ. ಕೋಲು ತೆಗೆದುಕೊಂಡು ನಾಯಿಯನ್ನು ಅಟ್ಟಿಸಿಕೊಂಡು ಮನೆಯ ಹಿಂದಕ್ಕೆ ಹೋದಳು. ನಾಯಿ ಏನೂ ಮಾಡಿರಲಿಲ್ಲ. ತುಂಬಾ ಹೊತ್ತು ಅವಳು ಆ ಕಡೆಯಿಂದ ಬರಲೇ ಇಲ್ಲ.

ನೂರೂಜ್ ದಿನ ಮೈದಾನದ ತುಂಬ ಮೊಳಕೆ ಗೋಧಿಯ ಸುಮೊಲೊಕ್ ಪಾಯಸ ಬೇಯುವ ಹೊಗೆ, ಕುದುರೆಗಳ ಬೆವರು, ಕಿರುಚಾಟ. ಘಾಟಿ ತೆರೆದ ಮೇಲೆ ವಾಪಸು ಬಂದ ಸಾತಾರ್ ಬಾಯ್ಕೆಯ ಲಾರಿಯೇ ನಮ್ಮ ವೇದಿಕೆ. ಗೇಟಿನಿಂದ ಲಾರಿಯವರೆಗೆ ಹೋಗುವ ದಾರಿಯಲ್ಲಿ ಅಣ್ಣನ ಹಳೆಯ ತಂಡ ಕುದುರೆಗಳ ಮೇಲೆ ಸಾಲಾಗಿ ನಿಂತಿತ್ತು. ಕಾಶ್ಕಾ ಅಲ್ಲಿತ್ತು, ಅದರ ಮೇಲೆ ಎಜೆ ಕೊಯ್ಯಲು ಒಪ್ಪದ ಅದೇ ಜೀನು, ಜೀನಿನ ಮೇಲೆ ತಂಡದ ಹೊಸ ಹುಡುಗ. ಅಣ್ಣ ಗಿಟಾರು ನೇತುಹಾಕಿಕೊಂಡು, ಸ್ವಲ್ಪ ವಾಲಿಕೊಂಡು, ಕೋಲಿಲ್ಲದೆ, ಕಾಲಿನ ಬಲದಲ್ಲೇ ಅವರ ಮುಂದೆ ನಡೆದ. ಮೈದಾನದ ಆ ಮೂಲೆಯ ಗಲಾಟೆ ನಿಂತುಹೋಯಿತು.

"ಏಯ್ ಎಲ್ದಿಯಾರ್" ಎಂದ ತಂಡದ ನಾಯಕ, "ಆಡು ಎತ್ಕೊಂಡ್ ಬಾ ಅಂದ್ರೆ ಅದೇನ್ ಎತ್ಕೊಂಡ್ ಬಂದಿದೀಯ?"

"ತಾಕತ್ತಿದ್ರೆ ಕಿತ್ಕೊಳ್ಳಿ" ಎಂದ ಅಣ್ಣ.

ಕುದುರೆ ಸಾಲು ಪೂರ್ತಿ ನಕ್ಕಿತು. ಕಾಶ್ಕಾ ಮೂತಿ ಚಾಚಿ ಗಿಟಾರನ್ನು ಮೂಸಿ, ತೊಗಲಿನ ತುಣುಕು ಸಿಕ್ಕಿಸಿದ ಜಾಗವನ್ನು ನೆಕ್ಕಿತು.

ನಾವು ನುಡಿಸಿದೆವು. ಅಣ್ಣ ನಿಂತೇ ಇದ್ದ. ಮೊದಲ ಹಾಡು ಮುಗಿಯಿತು, ಕುರ್ಚಿ ಕೇಳಲಿಲ್ಲ. ಇನ್ನೊಂದು ಮುಗಿಯಿತು. ಆ ಮರದಿಂದ ಹೊರಟ ಸ್ವರ ಬೆಟ್ಟಕ್ಕೆ ಹೋಗಿ ಬಡಿದು ವಾಪಸು ಬರುತ್ತಿತ್ತು, ಕುದುರೆಗಳೆಲ್ಲ ಕಿವಿ ನಿಮಿರಿಸಿ ಒಂದೇ ಕಡೆ ನೋಡುತ್ತಿದ್ದವು. ಕೊನೆಯ ಹಾಡಿನ ನಡುವೆ ಅಣ್ಣನಿಗೆ ಆಟಗಾರನ ಹಳೇ ಕೊಬ್ಬು ಬಂತು. ಪಟ್ಟಿಯನ್ನು ಬಿಚ್ಚಿ ಲಾರಿಯ ಮೇಲೆ ಬಿಸಾಕಿದ. ಜನ ಓ ಎಂದರು. ಗಿಟಾರು ಪಕ್ಕೆಯಲ್ಲಿ ಕೂತಲ್ಲೇ ಕೂತಿತ್ತು. ಅವನು ನುಡಿಸುತ್ತಲೇ ಇದ್ದ.

"ಕತ್ತೆ! ಬೀಳಿಸ್ತಾನೆ! ಕತ್ತೆ ನನ್ ಮಗ!" ಸುಮೊಲೊಕ್ ಕಡಾಯಿಯ ಹತ್ತಿರದಿಂದ ಬುರ್ಮಾ ಎಜೆ ಕೂಗಿದ್ದು ಡ್ರಮ್ಸಿನ ಸದ್ದಿನ ಮೇಲೂ ಕೇಳಿಸಿತು. ಕಡ್ಡಿ ಬೀಸುತ್ತಲೇ ಆ ಕಡೆ ನೋಡಿದೆ. ಅಷ್ಟರಲ್ಲಾಗಲೇ ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಬಾಯಿ ಮುಚ್ಚಿತ್ತು. ಎರಡೂ ಅಂಗೈಗಳು ಗಾಳಿಯಲ್ಲಿ ನಿಧಾನವಾಗಿ, ಹೆಗಲಿನಿಂದ ಪಕ್ಕೆಯವರೆಗೆ, ಹೋಗುತ್ತಿದ್ದವು.